ಅಕ್ಕ, ತಮ್ಮ ಮತ್ತು ದಸರಾ ರಜೆ

ಮೈಸೂರಿನ ದೊಡ್ಡವರಿಗೆ ದಸರಾ ಎಂದರೆ ಹತ್ತು ದಿನ. ಮಕ್ಕಳ ಲೆಕ್ಕ ಬೇರೆ. ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಆನೆಗಳು ಅರಮನೆಯ ಅಂಗಳಕ್ಕೆ ಬಂದವೆಂದರೆ ಅವರ ಹಬ್ಬ ಶುರುವಾಯಿತು. ದೀಪಾವಳಿಯ ಕೊನೆಯ ಸುರುಸುರು ಬತ್ತಿ ಆರುವ ತನಕ ಅದು ಮುಗಿಯುವುದಿಲ್ಲ. ನಡುವೆ ಶಾಲೆಗೆ ರಜೆ. ಈ ದಿನಗಳಲ್ಲಿ ಒಂದೇ ಮನೆಯ ಅಕ್ಕ ತಮ್ಮಂದಿರು, ಅಣ್ಣ ತಂಗಿಯರು ಒಬ್ಬರಿಂದೊಬ್ಬರು ಏನೇನು ಕಲಿತುಬಿಡುತ್ತಾರೆ, ಅದನ್ನು ನಾವು ದೊಡ್ಡವರು ಎಷ್ಟು ಸಲ ನೋಡದೆ ಬಿಟ್ಟುಬಿಡುತ್ತೇವೆ, ಇದನ್ನು ಹೇಳಬೇಕೆಂದೇ ಇವತ್ತು ಮೈಕಿನ ಮುಂದೆ ಕೂತಿದ್ದೇನೆ.

ನಮ್ಮ ಮನೆ ಸರಸ್ವತಿಪುರಂನಲ್ಲಿ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಹಗಲು ಹೊತ್ತು ಮನೆಯಲ್ಲಿ ನಾನು, ನಮ್ಮ ಯಜಮಾನರು, ಇಬ್ಬರು ಮೊಮ್ಮಕ್ಕಳು. ಮೊಮ್ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ಮೊಮ್ಮಗನಿಗೆ ನಾಲ್ಕು. ಶಾಲೆಯ ಹಾಜರಿ ಪುಸ್ತಕದಲ್ಲಿ ಇಬ್ಬರಿಗೂ ಉದ್ದುದ್ದ ಹೆಸರುಗಳಿವೆ. ಮನೆಯಲ್ಲಿ ಪುಟ್ಟಿ, ಗುಂಡ. ಇಲ್ಲೂ ಹಾಗೇ ಕರೆಯುತ್ತೇನೆ.

ದಸರಾ ಆನೆಗಳು ಊರಿಗೆ ಬಂದ ಮೇಲೆ ಅವುಗಳನ್ನು ಧನ್ವಂತರಿ ರಸ್ತೆಗೆ ಕರೆದುಕೊಂಡು ಹೋಗಿ, ಲಾರಿಗಳನ್ನು ತೂಗುವ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಕ ನೋಡುತ್ತಾರೆ. ಅದನ್ನು ನೋಡಲು ಜನ ಸೇರುತ್ತಾರೆ, ಮರುದಿನ ಪತ್ರಿಕೆಯಲ್ಲಿ ಯಾವ ಆನೆ ಎಷ್ಟು ಕಿಲೋ ಎಂದು ಪಟ್ಟಿಯೇ ಬರುತ್ತದೆ. 2020ರಿಂದ ಅಂಬಾರಿ ಹೊರುತ್ತಿರುವ ಅಭಿಮನ್ಯು ಐದು ಸಾವಿರ ಕಿಲೋ ದಾಟಿದವನು. ಪುಟ್ಟಿ ಆ ಪಟ್ಟಿಯನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಓದಿ ಮುಗಿಸಿ, "ನಮ್ಮನ್ನೂ ತೂಗಿಸಿ ಅಜ್ಜಿ" ಎಂದಳು. ಸರಿ, ಬೀದಿ ಕೊನೆಯ ಹಳೇ ಪೇಪರ್ ಅಂಗಡಿಗೆ ಹೋದೆವು. ಅಂಗಡಿಯವರು ರದ್ದಿ ಕಟ್ಟು ಇಳಿಸಿ ಮಕ್ಕಳನ್ನು ತೂಕದ ಹಲಗೆಯ ಮೇಲೆ ನಿಲ್ಲಿಸಿದರು. ಪುಟ್ಟಿ ಇಪ್ಪತ್ತೊಂದು, ಗುಂಡ ಹದಿನೈದು. ಮನೆಗೆ ಬಂದವಳೇ ಅಡಿಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಭಿಮನ್ಯುವಿನ ಹೆಸರಿನ ಕೆಳಗೆ ತಮ್ಮನ ಹೆಸರು ಬರೆದು ಮುಂದೆ "15" ಎಂದು ಹಾಕಿದಳು. ಗುಂಡನಿಗೆ ಬಂದ ಸಂತೋಷ ಅಷ್ಟಿಷ್ಟಲ್ಲ. ಅವನು ಕೇಳಿದ್ದು ಒಂದೇ: "ಅಕ್ಕಾ, ನಾನು ಅಂಬಾರಿ ಹೊರೋದು ಯಾವಾಗ?"

ಅಂಬಾರಿಯ ತೂಕ ಏಳುನೂರೈವತ್ತು ಕಿಲೋ ಎಂದು ತಾತ ಹೇಳಿದರು. ಪುಟ್ಟಿ ಸ್ವಲ್ಪ ಹೊತ್ತು ಯೋಚಿಸಿ, "ಮೊದಲು ತಾಲೀಮು ಆಗಬೇಕು" ಎಂದಳು.

ಆನೆಗಳಿಗೆ ತಾಲೀಮು ಹೇಗೆ ನಡೆಯುತ್ತದೆಂದು ಮೈಸೂರಿನವರಿಗೆ ಗೊತ್ತು. ಅರಮನೆಯಿಂದ ಹೊರಟು ಸಯ್ಯಾಜಿರಾವ್ ರಸ್ತೆಯಲ್ಲಿ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರ್ ನಡಿಗೆ. ಮೊದಲು ಬರಿ ಮೈಯಲ್ಲಿ, ಆಮೇಲೆ ಬೆನ್ನಿನ ಮೇಲೆ ಮರಳು ಮೂಟೆ ಕಟ್ಟಿ, ಕೊನೆಗೆ ಮರದ ಅಂಬಾರಿ ಹೊರಿಸಿ. ಭಾರವನ್ನು ದಿನದಿನಕ್ಕೂ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗುತ್ತಾರೆ. ನಮ್ಮ ಮನೆಯಲ್ಲೂ ಅದೇ ಕ್ರಮ. ಮನೆಯ ಹಾಲ್‌ನಿಂದ ಹಿತ್ತಿಲ ಬಾಗಿಲವರೆಗೆ ಗುಂಡ ಅಂಬೆಗಾಲಿನಲ್ಲಿ ಹೋಗಬೇಕು. ಮೊದಲ ದಿನ ಬರಿ ಬೆನ್ನು. ಆಮೇಲೆ ದಿಂಬು. ಆಮೇಲೆ ಮಡಿಸಿದ ರಗ್ಗು. ದಿಂಬು ಜಾರಿದರೆ ತಿರುಗಿ ಮೊದಲಿನಿಂದ. ಪುಟ್ಟಿ ಪಕ್ಕದಲ್ಲಿ ನಡೆಯುತ್ತಾ ಒಂದು ಕೈಯಲ್ಲಿ ದಿಂಬಿನ ಅಂಚು ಹಿಡಿದಿರುತ್ತಾಳೆ. ತಮ್ಮನಿಗೆ ಅದು ಗೊತ್ತಿಲ್ಲ. ಹೊಸಿಲು ದಾಟುವ ಕಡೆ ಅವಳ ಕೈ ಇನ್ನಷ್ಟು ಗಟ್ಟಿಯಾಗುತ್ತಿತ್ತು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ.

ಊಟದ ಹಟವೂ ಈ ತಾಲೀಮಿನಲ್ಲೇ ಹೋಯಿತು. ಮಾವುತರು, ಕಾವಾಡಿಗಳು ಆನೆಗಳಿಗೆ ಭತ್ತ, ಬೆಲ್ಲ, ಕಾಯಿ ಇಟ್ಟು ಹುಲ್ಲಿನಲ್ಲಿ ಸುತ್ತಿ ಕುಸುರೆ ಮಾಡಿ ತಿನ್ನಿಸುವುದನ್ನು ಅಕ್ಕ ತಮ್ಮ ಇಬ್ಬರೂ ಅರಮನೆ ಆವರಣದಲ್ಲಿ ಹತ್ತಿರದಿಂದ ನೋಡಿದ್ದರು. ತಟ್ಟೆ ಕಂಡರೆ ಓಡಿಹೋಗುತ್ತಿದ್ದ ಗುಂಡ ಈಗ "ಕುಸುರೆ ಮಾಡು ಅಜ್ಜಿ" ಎಂದು ಬಂದು ಕೂರತೊಡಗಿದ. ಚಪಾತಿಯೊಳಗೆ ಪಲ್ಯ ಇಟ್ಟು ಸುತ್ತಿಕೊಟ್ಟರೆ ಆಯಿತು, ಹುರುಳಿಕಾಯಿಯೂ ಹೋಗುತ್ತದೆ, ಕ್ಯಾರೆಟ್ಟೂ ಹೋಗುತ್ತದೆ. ಒಂದೇ ಷರತ್ತು, ಅದನ್ನು ಅವನ ಬಾಯಿಗೆ ಇಡಬೇಕಾದವಳು ಅಕ್ಕ. ಮಾವುತ ಕೊಟ್ಟರೇ ಆನೆ ತಿನ್ನುವುದಂತೆ.

ಅರಮನೆ ಆವರಣದಲ್ಲಿ ಇನ್ನೊಂದು ನೋಟ ಉಂಟು. ಮಾವುತರು, ಕಾವಾಡಿಗಳ ಕುಟುಂಬಗಳು ಆನೆಗಳ ಜೊತೆಯಲ್ಲೇ ಬಂದು ಹಬ್ಬ ಮುಗಿಯುವವರೆಗೆ ಅಲ್ಲೇ ಶೆಡ್ಡುಗಳಲ್ಲಿ ಇರುತ್ತಾರೆ. ಮತ್ತಿಗೋಡು, ದುಬಾರೆ ಮೊದಲಾದ ಆನೆ ಶಿಬಿರಗಳಿಂದ ಬಂದವರು, ಬಹಳ ಮಂದಿ ಜೇನುಕುರುಬರು. ಅವರ ಮಕ್ಕಳ ಓದು ನಿಲ್ಲಬಾರದೆಂದು ಅಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ನಾವು ಹೋದ ದಿನ, ಪುಟ್ಟಿಯ ವಯಸ್ಸಿನ ಹುಡುಗಿಯೊಬ್ಬಳು ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಆನೆಯ ಮುಂಗಾಲಿನ ಪಕ್ಕದಲ್ಲಿ ನಿಂತಿದ್ದಳು. ಸೊಂಟದ ಮೇಲಿದ್ದ ಮಗು ಕೈ ಚಾಚಿ ಸೊಂಡಿಲು ಮುಟ್ಟಿತು, ಸೊಂಡಿಲೂ ಅದನ್ನು ಮುಟ್ಟಿತು. ನಮ್ಮ ಗುಂಡ ಹೆದರಿ ಅಕ್ಕನ ಲಂಗ ಹಿಡಿದುಕೊಂಡ. ಆ ಹುಡುಗಿ ನಮ್ಮ ಪುಟ್ಟಿಯ ಕಡೆ ನೋಡಿ ನಕ್ಕಳು. ಪುಟ್ಟಿಯೂ ನಕ್ಕಳು. ತಮ್ಮಂದಿರನ್ನು ಸಾಕುತ್ತಿರುವ ಇಬ್ಬರು ಹೆಂಗಸರ ನಗು ಅದು. ದಸರಾ ಸೊಬಗನ್ನು ಹಾಡಿಹೊಗಳುವ ನಾವು ಈ ಮಕ್ಕಳನ್ನೂ ನೆನೆಯಬೇಕು. ಊರಿಗೆಲ್ಲ ಹಬ್ಬವನ್ನು ಹೊತ್ತು ತರುವವರು ಅವರ ಅಪ್ಪಂದಿರು.

ಇನ್ನು ಗೊಂಬೆ. ನಮ್ಮಲ್ಲಿ ಗೊಂಬೆ ಕೂರಿಸುವುದು ನನ್ನ ಅತ್ತೆಯವರ ಕಾಲದಿಂದ ಬಂದದ್ದು. ಪಟ್ಟದ ಗೊಂಬೆ ಜೋಡಿ ನನ್ನ ಮದುವೆಯಲ್ಲಿ ತವರಿನಿಂದ ಕೊಟ್ಟದ್ದು, ರಕ್ತಚಂದನದ್ದು. ಮೇಲಿನ ಮೆಟ್ಟಿಲಲ್ಲಿ ಕಳಶದ ಪಕ್ಕ ರಾಜ ರಾಣಿ, ಕೆಳಗೆ ದೇವರುಗಳು, ಇನ್ನೂ ಕೆಳಗೆ ಮದುವೆ ದಿಬ್ಬಣ, ಚನ್ನಪಟ್ಟಣದ ಬಣ್ಣದ ಗೊಂಬೆಗಳು, ಕೊನೆಗೆ ದಿನಸಿ ಅಂಗಡಿ ಇಟ್ಟುಕೊಂಡ ಶೆಟ್ಟಿ ಶೆಟ್ಟಮ್ಮ. ಮೆಟ್ಟಿಲುಗಳ ಮುಂದೆ ನೆಲದ ಮೇಲೆ ಮಕ್ಕಳ ಜಾಗ: ಪಾರ್ಕು, ಕೆರೆ, ಚಾಮುಂಡಿ ಬೆಟ್ಟ, ಮೃಗಾಲಯ. ಪಾರ್ಕಿಗೆ ಹಸಿರು ಬೇಕೆಂದು ವಾರ ಮೊದಲೇ ಅಗಲ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲುತ್ತೇವೆ. ನವರಾತ್ರಿಯ ಹೊತ್ತಿಗೆ ಬೆರಳುದ್ದ ಪೈರು.

ಈ ಸಲ ಪೈರು ಬರುವ ಲಕ್ಷಣವೇ ಕಾಣಲಿಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಗುಂಡ ಮಣ್ಣು ಕೆದಕಿ, ಮೊಳಕೆ ಬಂತಾ ಎಂದು ಒಂದೊಂದೇ ಕಾಳು ಎತ್ತಿ ನೋಡುತ್ತಿದ್ದ. ಅವನಿಗೆ ಬೈದರೆ ಅತ್ತ, ಬೈದವರ ಬೆನ್ನು ತಿರುಗಿದರೆ ಮತ್ತೆ ಕೆದಕಿದ. ತಟ್ಟೆಯನ್ನು ಅಟ್ಟದ ಮೇಲಿಡೋಣ ಎಂದು ತಾತ ಹೇಳಿದರು. ಪುಟ್ಟಿ ಬೇಡವೆಂದಳು. ಹಿತ್ತಿಲಿನಿಂದ ಒಂದು ತೆಂಗಿನ ಕರಟ ತಂದು, ಅದಕ್ಕೆ ಮಣ್ಣು ತುಂಬಿ, ನಾಲ್ಕು ಕಾಳು ಹಾಕಿ, "ಇದು ನಿಂದು, ಎಷ್ಟು ಬೇಕಾದರೂ ಅಗೆ. ತಟ್ಟೆ ನಂದು" ಎಂದು ತಮ್ಮನ ಕೈಗಿಟ್ಟಳು. ಗುಂಡ ಕರಟವನ್ನು ಅಗೆದ. ತಟ್ಟೆ ಉಳಿಯಿತು. ಮೂರನೆಯ ದಿನ ತಟ್ಟೆಯಲ್ಲಿ ಹಸಿರು ಕಂಡಿತು, ಕರಟದಲ್ಲಿ ಇಲ್ಲ. ಆಗ ಅವನು ತಾನಾಗಿಯೇ ಅಕ್ಕನ ಹತ್ತಿರ ಹೋಗಿ ಇನ್ನೊಂದು ಸಲ ಕಾಳು ಹಾಕಿಸಿಕೊಂಡ. ಹಾಕಿಸಿಕೊಂಡು, ಕರಟದ ಮೇಲೆ ಎರಡೂ ಕೈ ಮುಚ್ಚಿ ಕೂತ. ಮಧ್ಯಾಹ್ನ ನಿದ್ದೆ ಹೋಗುವವರೆಗೂ ಅಗೆಯಲಿಲ್ಲ. ನಾಲ್ಕು ವರ್ಷದ ಮಗು ಕಾಯುವುದನ್ನು ಕಲಿತದ್ದನ್ನು ನಾನು ಕಣ್ಣಾರೆ ಕಂಡೆ. ಅದನ್ನು ಕಲಿಸಿದ್ದು ಎರಡನೇ ಕ್ಲಾಸಿನ ಹುಡುಗಿ, ಅದೂ ಒಂದು ಕರಟದಲ್ಲಿ.

ಸಂಜೆ ಗೊಂಬೆ ನೋಡುವುದಕ್ಕೆ ಹೋಗುವ ಸಡಗರ. ನಾನು ಹುಡುಗಿಯಾಗಿದ್ದಾಗ ಅಗ್ರಹಾರದಲ್ಲಿ, ಚಾಮುಂಡಿಪುರಂನಲ್ಲಿ ಮಕ್ಕಳು ಹಿಂಡು ಹಿಂಡಾಗಿ ಮನೆಮನೆಯ ಬಾಗಿಲಲ್ಲಿ ನಿಂತು "ಗೊಂಬೆ ಕೂರಿಸಿದ್ದೀರಾ?" ಎಂದು ಕೂಗುತ್ತಿದ್ದೆವು. ಪರಿಚಯದ ಮನೆಯೋ ಅಲ್ಲವೋ, ಯಾರೂ ಕೇಳುತ್ತಿರಲಿಲ್ಲ. ಗೊಂಬೆ ಬಾಗಿನ ಎಂದು ಕೈತುಂಬ ಏನಾದರೂ ಸಿಗುತ್ತಿತ್ತು: ಒಂದು ದಿನ ಕಡಲೆ ಉಸಲಿ, ಒಂದು ದಿನ ಬೆರಳಿಗೆ ಹಾಕಿಕೊಳ್ಳುವಂಥ ಪುಟಾಣಿ ಕೋಡುಬಳೆ, ಒಂದು ದಿನ ಕೊಬ್ಬರಿ ಮಿಠಾಯಿ. ನನ್ನ ತಮ್ಮ ಈಗ ಅರವತ್ತು ದಾಟಿದವನು, ದೂರದ ಊರಿನಲ್ಲಿದ್ದಾನೆ. ನವರಾತ್ರಿಯ ಮೊದಲ ದಿನ ಅವನ ಫೋನು ಬಂದರೆ ನಮಸ್ಕಾರ, ಕ್ಷೇಮ ಯಾವುದೂ ಇಲ್ಲ, "ಅಕ್ಕಾ, ಗೊಂಬೆ ಕೂರಿಸಿದ್ದೀಯಾ?" ಅಂತಲೇ ಶುರು.

ಈಗ ಗೇಟುಗಳು ಮುಚ್ಚಿರುತ್ತವೆ, ಬೀದಿಯಲ್ಲಿ ವಾಹನ ಜಾಸ್ತಿ. ಆದರೂ ನಮ್ಮ ಬೀದಿಯಲ್ಲಿ ಗೊಂಬೆ ಕೂರಿಸುವ ಮನೆಗಳು ಇನ್ನೂ ಇವೆ. ಈ ಸಲ ಮಕ್ಕಳಿಬ್ಬರನ್ನೇ ಕಳಿಸಿ ನಾನು ಗೇಟಿನ ಹತ್ತಿರ ನಿಂತುಕೊಂಡೆ. ಪುಟ್ಟಿಗೆ ಇದ್ದಕ್ಕಿದ್ದಂತೆ ನಾಚಿಕೆ ಬಂದಿತ್ತು. ಏಳು ವರ್ಷಕ್ಕೆ ಅಂಥದ್ದೊಂದು ನಾಚಿಕೆ ಬರುತ್ತದೆ. ಎದುರುಮನೆಯ ಬಾಗಿಲಲ್ಲಿ ಬಾಯಿ ತೆರೆಯದೆ ನಿಂತಳು. ಗುಂಡ ಅವಳ ಮುಖ ನೋಡಿದ, ಬಾಗಿಲು ನೋಡಿದ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದ: "ಗೊಂಬೆ ಕೂರ್ಸಿದ್ದೀರಾ? ನಮ್ಮಕ್ಕ ಬಂದಿದ್ದಾಳೆ!" ಹೊರಗಿನವರೊಂದಿಗೆ ಅವನು ತಾನಾಗಿ ಆಡಿದ ಮೊದಲ ಮಾತು ಅದು. ಶಾಲೆಯಲ್ಲಿ ಮಿಸ್ ಕೇಳಿದರೂ ಹೆಸರು ಹೇಳದವನು. ಅಂದು ರಾತ್ರಿ ನನ್ನ ನೋಟುಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟೆ.

ಈ ನೋಟುಬುಕ್ಕಿನ ಬಗ್ಗೆ ಒಂದು ಮಾತು. ಮಗುವಿನ ಮೊದಲ ಹೆಜ್ಜೆ, ಮೊದಲ ಹಲ್ಲು, ಕಿವಿ ಚುಚ್ಚಿಸಿದ ದಿನ ಎಲ್ಲರಿಗೂ ನೆನಪಿರುತ್ತದೆ. ಫೋನಿನಲ್ಲಿ ಫೋಟೋಗಳೂ ರಾಶಿ ಇರುತ್ತವೆ. ಆದರೆ ಶರ್ಟಿನ ಗುಂಡಿ ತಾನೇ ಹಾಕಿಕೊಂಡ ದಿನ, ಅಕ್ಕನಿಗೆ ತನ್ನ ಪಾಲಿನ ಕೊಬ್ಬರಿ ಮಿಠಾಯಿ ಮುರಿದು ಕೊಟ್ಟ ದಿನ, "ನಂದು" ಎನ್ನುವ ಕಡೆ "ನಮ್ದು" ಎಂದ ದಿನ, ಇವು ಬರೆದಿಡದಿದ್ದರೆ ಹೋಗಿಬಿಡುತ್ತವೆ. ಒಂದು ಸಾಲು ಸಾಕು. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಈ ಕೆಲಸ ಅವರದಾಗಲಿ.

ಸರಸ್ವತಿ ಪೂಜೆಯ ದಿನ ಪುಸ್ತಕಗಳನ್ನು ದೇವರ ಮುಂದೆ ಇಡುತ್ತೇವೆ. ವಿಜಯದಶಮಿಯವರೆಗೆ ಅವನ್ನು ಮುಟ್ಟಬಾರದು, ಓದಬಾರದು. ಪುಟ್ಟಿ ಬಹಳ ಭಕ್ತಿಯಿಂದ ಗಣಿತದ ಪುಸ್ತಕ, ಇಂಗ್ಲಿಷ್ ಪುಸ್ತಕ, ರಜೆಯ ಹೋಮ್‌ವರ್ಕ್ ಹಾಳೆಗಳು, ಕಾಪಿ ಬುಕ್ಕು ಎಲ್ಲವನ್ನೂ ಒಪ್ಪವಾಗಿ ಜೋಡಿಸಿ ಇಟ್ಟಳು. ಕತೆ ಪುಸ್ತಕ ಒಂದೂ ಅಲ್ಲಿರಲಿಲ್ಲ. ತಮ್ಮ ತನ್ನ ಬಣ್ಣದ ಪೆನ್ಸಿಲ್ ಡಬ್ಬಿ ಇಡಲು ಬಂದಾಗ ಅವನ ಕಿವಿಯಲ್ಲಿ ಏನೋ ಹೇಳಿ ವಾಪಸು ಕಳಿಸಿದಳು. ಆ ಮೂರು ದಿನ ಇಬ್ಬರೂ ಸೋಫಾದ ಹಿಂದೆ ಕೂತು ಕತೆ ಓದಿದ್ದೇ ಓದಿದ್ದು. ಅವಳು ಓದುವುದು, ಅವನು ಚಿತ್ರ ನೋಡಿ ಮುಂದಿನದನ್ನು ಊಹಿಸುವುದು. ಅವನ ಊಹೆ ಪುಸ್ತಕದ್ದಕ್ಕಿಂತ ಚೆನ್ನಾಗಿದ್ದರೆ ಅವಳು ಪುಸ್ತಕವನ್ನು ಬಿಟ್ಟು ಅವನದನ್ನೇ ಮುಂದುವರಿಸುತ್ತಿದ್ದಳು.

ಹೀಗೆ ಒಡಹುಟ್ಟಿದವರಿಂದ ಕತೆ ಹುಟ್ಟುವ ಮಾತು ಬಂದಾಗ, ತಮ್ಮನ ತುಂಟಾಟವನ್ನು ಅಣ್ಣನೊಬ್ಬ ಕತೆ ಮಾಡಿದ ನಮ್ಮ ಊರಿನದೇ ದೊಡ್ಡ ಉದಾಹರಣೆ ನೆನಪಾಗುತ್ತದೆ. ಆರ್.ಕೆ. ನಾರಾಯಣ್ ಹುಟ್ಟಿದ್ದು 1906ರಲ್ಲಿ, ತಮ್ಮ ಆರ್.ಕೆ. ಲಕ್ಷ್ಮಣ್ ಮೈಸೂರಿನಲ್ಲಿ ಹುಟ್ಟಿದ್ದು 1921ರಲ್ಲಿ. ಹದಿನೈದು ವರ್ಷ ಅಂತರ. ತಂದೆ ಶಾಲೆಯ ಮುಖ್ಯೋಪಾಧ್ಯಾಯರು. ಲಕ್ಷ್ಮಣ್ ಓದು ಕಲಿಯುವ ಮೊದಲೇ ಮನೆಯ ನೆಲ, ಗೋಡೆ, ಬಾಗಿಲ ಮೇಲೆಲ್ಲ ಚಿತ್ರ ಗೀಚುತ್ತಿದ್ದ ಹುಡುಗ. ಓರಗೆಯ ಹುಡುಗರನ್ನು ಕಟ್ಟಿಕೊಂಡು ಕ್ರಿಕೆಟ್ ತಂಡ ಮಾಡಿ ಅದಕ್ಕೆ ತಾನೇ ನಾಯಕನಾಗಿದ್ದ. ಈ ತಮ್ಮನ ಆಟಗಳನ್ನು ನೋಡುತ್ತಾ ಬರೆಯಲು ಕೂತಿದ್ದ ಅಣ್ಣ, ದುಡ್ಡು ಸಂಪಾದಿಸಲು ಹೊರಟ ಪುಟ್ಟ ಹುಡುಗ 'ದೋಡು'ವಿನ ಕತೆ ಬರೆದರು, ಹುಡುಗರ ಕ್ರಿಕೆಟ್ ಕ್ಲಬ್ಬಿನ ಕತೆ ಬರೆದರು. ಮುಂದೆ ಆ ತಮ್ಮ ದೇಶವೇ ಬಲ್ಲ ವ್ಯಂಗ್ಯಚಿತ್ರಕಾರನಾಗಿ ಅಣ್ಣನ ಕತೆಗಳಿಗೆ ಚಿತ್ರ ಬರೆದದ್ದು, ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯ ಶುರುವಿನಲ್ಲಿ ಆ ಗೆರೆಗಳನ್ನು ನಾವೆಲ್ಲ ನೋಡಿದ್ದು ಆಮೇಲಿನ ಮಾತು. ನನಗೆ ಮುಖ್ಯವೆನಿಸುವುದು ಇಷ್ಟು: ಗೋಡೆ ಗೀಚಿದ ಹುಡುಗನನ್ನು ಮನೆಯೊಳಗೆ ಒಬ್ಬ ಅಕ್ಕರೆಯಿಂದ ಗಮನಿಸುತ್ತಿದ್ದ. ವೊಂಟಿಕೊಪ್ಪಲಿನ 'ಉದಯರವಿ'ಯಲ್ಲಿ ತಮ್ಮ ಚೈತ್ರನ ಜೊತೆ ಬೆಳೆದ ಪೂರ್ಣಚಂದ್ರ ತೇಜಸ್ವಿಯವರು ತಂದೆ ಕುವೆಂಪು ಅವರನ್ನು ಕುರಿತು ಬರೆದ 'ಅಣ್ಣನ ನೆನಪು' ಓದಿದವರಿಗೂ ಗೊತ್ತು, ಅವರ ಮನೆಯೂ ಮಕ್ಕಳ ಗಲಾಟೆಯಿಂದ ದೂರವಿರಲಿಲ್ಲ.

ಮಕ್ಕಳ ಮನಸ್ಸನ್ನು ಓದಿದವರೂ ಈ ಅಕ್ಕತಂಗಿ, ಅಣ್ಣತಮ್ಮಂದಿರ ಆಟವನ್ನು ಗಮನಿಸಿದ್ದಾರೆ. ರಷ್ಯಾದ ಲೆವ್ ವೈಗೋಟ್‌ಸ್ಕಿ 1933ರಲ್ಲಿ ಮಕ್ಕಳ ಆಟದ ಬಗ್ಗೆ ಒಂದು ಉಪನ್ಯಾಸ ಕೊಟ್ಟರು. ಅದರಲ್ಲಿ ಜೇಮ್ಸ್ ಸಲ್ಲಿ ಎಂಬ ಇಂಗ್ಲೆಂಡಿನ ವಿದ್ವಾಂಸರು ಗುರುತಿಸಿದ್ದ ಒಂದು ಪ್ರಸಂಗ ಬರುತ್ತದೆ. ಐದು ವರ್ಷದ, ಏಳು ವರ್ಷದ ಇಬ್ಬರು ಒಡಹುಟ್ಟಿದ ಹುಡುಗಿಯರು ಅಕ್ಕತಂಗಿಯ ಆಟ ಆಡೋಣ ಎಂದು ಕೂತರಂತೆ. ನಿಜವಾಗಿಯೂ ಅಕ್ಕತಂಗಿಯರೇ, ಆದರೂ ಆಟ! ಹಾಗೆ ಆಡುವಾಗ ಒಂದೇ ಥರ ಬಟ್ಟೆ ಹಾಕುತ್ತಾರೆ, ಕೈ ಹಿಡಿದುಕೊಳ್ಳುತ್ತಾರೆ, ಇದು ನಮ್ಮದು, ಅದು ಬೇರೆಯವರದು ಎನ್ನುತ್ತಾರೆ. ದಿನದ ಬದುಕಿನಲ್ಲಿ ಗಮನಕ್ಕೇ ಬಾರದ ಸಂಬಂಧ ಆಟದಲ್ಲಿ ನಿಯಮವಾಗಿ ಕಾಣಿಸುತ್ತದೆ ಎನ್ನುತ್ತಾರೆ ವೈಗೋಟ್‌ಸ್ಕಿ. ಇದನ್ನು ಓದುವಾಗ ನನಗೆ ನಮ್ಮ ಮನೆಯ ಹಾಲ್ ಕಣ್ಣಿಗೆ ಕಟ್ಟಿತು. ಒಂದು ಮಧ್ಯಾಹ್ನ ಗುಂಡ, "ಇವತ್ತು ನಾನು ಅಣ್ಣ, ನೀನು ತಂಗಿ" ಎಂದು ಘೋಷಿಸಿದ್ದ. ಅವಳ ತಲೆ ಬಾಚಲು ಬಂದ, ನೀರು ಕುಡಿಸಲು ಬಂದ, "ಓಡಬೇಡ, ಬೀಳ್ತೀಯ" ಎಂದು ಗದರಿದ. ಅಕ್ಕ ತನಗೆ ಮಾಡುವುದನ್ನೆಲ್ಲ ಒಂದೂ ಬಿಡದೆ ಗಮನಿಸಿದ್ದಾನೆ ಎಂದು ಅಂದು ತಿಳಿಯಿತು.

ನಾನೀಗ ಮಾತಾಡುತ್ತಿರುವ ಈ ಬಾನುಲಿಗೂ ಮೈಸೂರಿನಲ್ಲಿ ಅಡಿಪಾಯ ಹಾಕಿದವರು ಮನಸ್ಸಿನ ಪಾಠ ಹೇಳುತ್ತಿದ್ದ ಮೇಷ್ಟ್ರೇ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಮನೆಯ ಮಾತನ್ನು ಊರಿಗೆ ಕೇಳಿಸುವ ಕೆಲಸ ಅಲ್ಲಿಂದಲೇ ನಡೆದು ಬಂದಿದೆ. ಅದಕ್ಕೇ ಇಲ್ಲಿ ಧೈರ್ಯವಾಗಿ ಒಂದು ಮಾತು ಹೇಳುತ್ತೇನೆ. ರಜೆ ಬಂದ ಕೂಡಲೇ ಅಕ್ಕನನ್ನು ಒಂದು ಶಿಬಿರಕ್ಕೆ, ತಮ್ಮನನ್ನು ಇನ್ನೊಂದಕ್ಕೆ ಸೇರಿಸುವ ಅಭ್ಯಾಸ ಹೆಚ್ಚುತ್ತಿದೆ. ಅಪ್ಪ ಅಮ್ಮ ಕೆಲಸಕ್ಕೆ ಹೋಗುವ ಮನೆಗಳ ಕಷ್ಟ ನನಗೆ ಗೊತ್ತು, ನಮ್ಮದೂ ಅಂಥದ್ದೇ ಮನೆ. ಆದರೂ ರಜೆಯ ಒಂದಷ್ಟು ದಿನವನ್ನಾದರೂ ಇಬ್ಬರಿಗೂ ಒಟ್ಟಿಗೆ, ಏನೂ ನಿಗದಿ ಮಾಡದೆ, ಬಿಟ್ಟುಕೊಡಿ. ಜಗಳವಾಡುತ್ತಾರೆ, ಆಡಲಿ. ರಾಜಿಯಾಗುವುದನ್ನು ಕಲಿಯುವುದಕ್ಕೆ ಅದಕ್ಕಿಂತ ಬೇರೆ ಶಾಲೆ ಇಲ್ಲ. ಕೈಗೆ ಸಿಗುವಷ್ಟು ಹತ್ತಿರ, ಕಾಲಿಗೆ ಸಿಕ್ಕದಷ್ಟು ದೂರ ನಾವಿದ್ದರೆ ಸಾಕು.

ದೊಡ್ಡಕೆರೆ ಮೈದಾನದ ವಸ್ತುಪ್ರದರ್ಶನಕ್ಕೆ ಹೋಗುವ ಹಿಂದಿನ ದಿನ ಸೊಸೆ ಮಕ್ಕಳ ಅಂಗೈ ಮೇಲೆ ಪೆನ್ನಿನಲ್ಲಿ ಫೋನ್ ನಂಬರ್ ಬರೆಯುವ ಮಾತಾಡಿದಳು. ಬೆವರಿಗೆ ಅಳಿಸಿಹೋದರೆ ಎಂದು ಪುಟ್ಟಿಗೆ ಯೋಚನೆ. ಹತ್ತು ಅಂಕಿಗಳಿಗೂ ಒಂದು ರಾಗ ಹಾಕಿ ರಾತ್ರಿ ಮಲಗುವ ಹೊತ್ತಿಗೆ ತಮ್ಮನಿಗೆ ಬಾಯಿಪಾಠ ಮಾಡಿಸಿದಳು. ಅಂಕಿಗಳನ್ನು ಬರೆಯಲು ಬಾರದವನು ಈಗ ಅಮ್ಮನ ನಂಬರನ್ನು ಹಾಡುತ್ತಾನೆ. ಪ್ರದರ್ಶನದಲ್ಲಿ ಖಾರದ ಪುಡಿ ಉದುರಿಸಿದ ಅಗಲ ಹಪ್ಪಳ ತಿಂದು, ಮುಖಕ್ಕಿಂತ ದೊಡ್ಡ ಹಪ್ಪಳದ ಹಿಂದೆ ಅಡಗಿಕೊಂಡು, ತಿರುಗುವ ಕುದುರೆ ಹತ್ತಿ ಬಂದದ್ದಾಯಿತು. ಅರಮನೆಯ ದೀಪ ನೋಡಲು ಏಳು ಗಂಟೆಯ ಹೊತ್ತಿಗೆ ಎದುರು ಬಂದು ನಿಂತೆವು. ಸುಮಾರು ಒಂದು ಲಕ್ಷ ಬಲ್ಬು ಒಂದೇ ಕ್ಷಣಕ್ಕೆ ಹತ್ತಿಕೊಳ್ಳುವ ಗಳಿಗೆ. ಪುಟ್ಟಿ ತಾತನ ಗಡಿಯಾರದ ಮೇಲೆ ಕಣ್ಣಿಟ್ಟಿದ್ದಳು. "ಗುಂಡ, ಈಗ ಚಪ್ಪಾಳೆ ತಟ್ಟು" ಎಂದಳು. ತಟ್ಟಿದ. ಅರಮನೆ ಹೊತ್ತಿಕೊಂಡಿತು. ಅವನು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಸುತ್ತ ಇದ್ದ ಅಪರಿಚಿತರೆಲ್ಲ ಅವನಿಗೆ ಶಭಾಷ್ ಎಂದರು. ಒಬ್ಬರೂ ಗುಟ್ಟು ಬಿಡಲಿಲ್ಲ, ನಮ್ಮ ಊರಿನ ಜನ ಅಷ್ಟು ಒಳ್ಳೆಯವರು.

ಆಯುಧಪೂಜೆಯ ದಿನ ಪುಟ್ಟಿಯ ಮೇಲಿನ ಮುಂದಿನ ಹಲ್ಲು ಚಕ್ಕುಲಿಗೆ ಸಿಕ್ಕಿ ಬಿತ್ತು. ಹಾಲುಹಲ್ಲು ಆರು ವರ್ಷದ ಆಸುಪಾಸಿನಿಂದ ಒಂದೊಂದಾಗಿ ಬೀಳುತ್ತವೆ, ಇದು ಅವಳಿಗೆ ಹೊಸದೇನಲ್ಲ. ಆದರೆ ಗುಂಡನಿಗೆ ತಡೆಯಲಾಗಲಿಲ್ಲ. ತನ್ನದೂ ಬೀಳಬೇಕು ಎಂದು ಇಡೀ ಚಕ್ಕುಲಿಯನ್ನು ಮುಂದಿನ ಹಲ್ಲಿನಲ್ಲಿ ಕಚ್ಚಿ ಎಳೆದ. ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯುವುದು ನಮ್ಮ ಕಡೆಯ ಪದ್ಧತಿ. ಅವತ್ತು ಎಸೆಯುವ ಹಕ್ಕನ್ನು ಅಕ್ಕ ತಮ್ಮನಿಗೆ ಬಿಟ್ಟುಕೊಟ್ಟಳು. ಅಷ್ಟರಲ್ಲಿ ಮನೆಯೊಳಗೆ ಸೈಕಲ್ಲು, ಮಿಕ್ಸಿ, ಕತ್ತರಿ ಎಲ್ಲದಕ್ಕೂ ಅರಿಶಿನ ಕುಂಕುಮ ಆಗಿತ್ತು. ಗುಂಡ ತನ್ನ ಪಾಲಿನ ಕುಂಕುಮದಲ್ಲಿ ಟಿವಿ ರಿಮೋಟಿಗೆ, ನನ್ನ ಕನ್ನಡಕಕ್ಕೆ, ಕೊನೆಗೆ ಅಕ್ಕನ ಬೋಡು ಬಾಯಿಗೂ ಬೊಟ್ಟಿಟ್ಟ. ಮಧ್ಯಾಹ್ನ ಪೂಜೆಯಾದ ಸೈಕಲ್ಲಿನ ಪಕ್ಕದ ಪುಟ್ಟ ಚಕ್ರಗಳನ್ನು ತಾತ ಬಿಚ್ಚಿದರು. ಮನೆ ಮುಂದಿನ ಬೀದಿಯಲ್ಲಿ ಪುಟ್ಟಿ ಮೂರು ಮನೆ ದೂರ ಬೀಳದೆ ಹೋದಳು. ಪಕ್ಕದಲ್ಲೇ ಓಡುತ್ತಿದ್ದ ಗುಂಡ ಒಂದು ಕೈಯನ್ನು ಸೀಟಿನ ಹಿಂದೆ ಇಟ್ಟುಕೊಂಡಿದ್ದ. ಆ ಕೈಯಿಂದ ಸೈಕಲ್ಲಿಗೆ ಏನೂ ಆಗುತ್ತಿರಲಿಲ್ಲ, ಅದು ಸೀಟನ್ನು ಮುಟ್ಟಿಯೂ ಇರಲಿಲ್ಲ. ಆದರೂ ಅವಳು, "ಬಿಡಬೇಡ ಕಣೋ, ಹಿಡ್ಕೊಂಡಿರು" ಎಂದು ಕೂಗುತ್ತಲೇ ಇದ್ದಳು.

ವಿಜಯದಶಮಿಯ ಜಂಬೂ ಸವಾರಿಯನ್ನು ನಾನು ಈಗಲೂ ಆಕಾಶವಾಣಿಯ ವೀಕ್ಷಕ ವಿವರಣೆಯಲ್ಲೇ ಕೇಳುತ್ತೇನೆ. ಮಕ್ಕಳು ಟಿವಿಯ ಸದ್ದು ಆರಿಸಿ ಚಿತ್ರ ನೋಡುತ್ತಾರೆ, ಮಾತು ರೇಡಿಯೋದಿಂದ. ಇಪ್ಪತ್ತೊಂದು ಕುಶಾಲತೋಪಿಗೆ ಇಬ್ಬರೂ ವಾರದಿಂದ ತಯಾರಿ ನಡೆಸಿದ್ದರು. ಆನೆಗಳು ಬೆದರಬಾರದೆಂದು ಫಿರಂಗಿ ತಾಲೀಮು ನಡೆಸುತ್ತಾರಲ್ಲ, ಹಾಗೆ ಪುಟ್ಟಿ ಹಿಟ್ಟಿನ ಡಬ್ಬಿಯ ಮುಚ್ಚಳ ಬಡಿಯುವುದು, ಗುಂಡ ಬೆದರದೆ ಎಣಿಸುವುದು. ಹದಿನಾಲ್ಕರವರೆಗೆ ಸರಿಯಾಗಿ ಬರುತ್ತಿದ್ದ, ಹದಿನೈದು ಮಾತ್ರ ಪ್ರತಿಸಲವೂ ತಪ್ಪುತ್ತಿತ್ತು. ತಪ್ಪಿದರೆ ಪುಟ್ಟಿ ಮುಂದಿನ ಏಟು ಹೊಡೆಯದೆ ಕಾಯುತ್ತಿದ್ದಳು. "ನಿನ್ನ ತೂಕ ಎಷ್ಟು?" ಎಂದು ಕೇಳುತ್ತಿದ್ದಳು. "ಹದಿನೈದು!" ಎಂದು ಕಿರುಚಿ ಅವನು ಮುಂದೆ ಹೋಗುತ್ತಿದ್ದ. ಸವಾರಿಯ ದಿನ ರೇಡಿಯೋದಲ್ಲಿ ತೋಪಿನ ಸದ್ದು ಬರುತ್ತಲೇ ಎದ್ದು ನಿಂತು ಒಂದರಿಂದ ಇಪ್ಪತ್ತೊಂದರವರೆಗೆ ಒಂದೂ ಬಿಡದೆ ಎಣಿಸಿದ. ಪುಟ್ಟಿ ಅವನ ಎದುರು ಕೂತು, ಪ್ರತಿಯೊಂದು ಅಂಕಿಗೂ ತುಟಿಯನ್ನಷ್ಟೇ ಆಡಿಸುತ್ತಿದ್ದಳು, ಸದ್ದಿಲ್ಲದೆ.

ಅವತ್ತೇ ಬೆಳಿಗ್ಗೆ ಗುಂಡನ ಅಕ್ಷರಾಭ್ಯಾಸವೂ ಆಗಿತ್ತು. ಅಕ್ಕಿಯ ತಟ್ಟೆ ಇಟ್ಟು ಅಪ್ಪ ತೊಡೆಯ ಮೇಲೆ ಕೂರಿಸಿಕೊಂಡರೆ ಬೆರಳು ಮಡಿಸಿಕೊಂಡ. ತಾತ ಕರೆದರೂ ಬರಲಿಲ್ಲ. "ಅಕ್ಕ ಬರೆಸಲಿ" ಎಂದ. ಪುರೋಹಿತರು ನಗುತ್ತಾ ಒಪ್ಪಿದರು. ಪುಟ್ಟಿ ಅವನ ಬೆರಳು ಹಿಡಿದು ಓಂ ಬರೆಸಿದಳು. ಬರೆಸಿ, ಸೊನ್ನೆ ಗುಂಡಗೆ ಬಂದಿಲ್ಲವೆಂದು ಅಳಿಸಿ ಇನ್ನೊಮ್ಮೆ ಬರೆಸಿದಳು. ಅವನು ಎರಡನೇ ಸಲವೂ ತಕರಾರಿಲ್ಲದೆ ಬರೆದ.

ಗೊಂಬೆಗಳನ್ನು ಹಳೆಯ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಟ್ಟಾಯಿತು. ಪಾರ್ಕಿನ ರಾಗಿ ಪೈರನ್ನು ಬೀದಿಯ ಹಸುವಿಗೆ ತಿನ್ನಿಸಿದ್ದೂ ಆಯಿತು. ಗಣಿತದ ಪುಸ್ತಕ ದೇವರ ಮುಂದಿನಿಂದ ಚೀಲಕ್ಕೆ ಬಂತು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಇನ್ನೂ ಹಲವು ದಿನ ಇದೆ, ಆದರೆ ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿಯುವವರು ಯಾರು ಎಂಬ ಜಗಳ ನಿನ್ನೆ ರಾತ್ರಿಯೇ ಶುರುವಾಗಿದೆ. ಎತ್ತರದವರು ಬಳಿಯಬೇಕು ಎನ್ನುತ್ತಾಳೆ ಪುಟ್ಟಿ. ಹದಿನೈದು ಕಿಲೋ ಇರುವವರು ಬಳಿಯಬೇಕು ಎನ್ನುತ್ತಾನೆ ಗುಂಡ. ನಾವು ಅಜ್ಜಿ ತಾತ ಮಧ್ಯೆ ಬಾಯಿ ಹಾಕಿಲ್ಲ.